ಮಾವನ ಸೈನಸ್ ಆಪರೇಷನ್, ನನ್ನ ಸೈನಸ್ ಆಪರೇಷನ್

ಸೈನಸ್ ಅಂದ್ರೆ ಮೂಗಿನ ಸುತ್ತ ಮೂಳೆ ಒಳಗಿರೋ ಗಾಳಿ ಗೂಡು, ಅದರ ಆಪರೇಷನ್ ಅಂದ್ರೆ ನಂಗೆ ಕಣ್ಮುಂದೆ ಬರ್ತಿದ್ದಿದ್ದು ನಮ್ಮ ಸೋದರಮಾವನ ಮುಖ. 1988ರಲ್ಲಿ, ನಾನಿನ್ನೂ ಪ್ರೈಮರಿ ಸ್ಕೂಲು, ಅವ್ರು ಆಸ್ಪತ್ರೆಯಿಂದ ಬಂದಾಗ ಕೆನ್ನೆ ಎರಡೂ ಊದ್ಕೊಂಡು ಕಣ್ಣೇ ಮುಚ್ಚೋಗಿತ್ತು, ಮೇಲ್ತುಟಿ ಎತ್ತಿ ಒಸಡಿನ ಹತ್ರ ಕೊಯ್ದು ಕೆನ್ನೆ ಮೂಳೆಗೆ ತೂತು ಮಾಡಿದಾರಂತೆ ಅಂತ ಅಜ್ಜಿ ಹೇಳಿದ್ದು ಇನ್ನೂ ಕಿವೀಲಿದೆ. ಅಷ್ಟು ನೋವು ತಿಂದೂ ಎರಡು ವರ್ಷಕ್ಕೆ ಮತ್ತೆ ಅದೇ ಹಳದಿ ಸಿಂಬಳ, ಅದೇ ತಲೆಭಾರ.

ಅದಕ್ಕೇ ನಂಗೆ ಶುರುವಾದಾಗ ಆರು ವರ್ಷ ತಳ್ಕೊಂಡು ಬಂದೆ. ಬಗ್ಗಿ ರಂಗೋಲಿ ಹಾಕಿದ್ರೆ ಕಣ್ಣಿನ ಹಿಂದೆ ಕಲ್ಲಿಟ್ಟಂಗೆ, ರಾತ್ರಿ ಬಾಯಲ್ಲೇ ಉಸಿರು, ಒಲೆ ಮೇಲೆ ಹಾಲು ಸೀದ್ರೂ ವಾಸನೆ ಗೊತ್ತಾಗ್ತಿರ್ಲಿಲ್ಲ. ನೀಲಗಿರಿ ಎಣ್ಣೆ ಹಾಕಿ ಆವಿ ತಗೊಂಡೆ, ಲೆಕ್ಕ ಇಲ್ಲದಷ್ಟು ಆಂಟಿಬಯಾಟಿಕ್ ಕೋರ್ಸ್ ನುಂಗಿದೆ, ಒಬ್ರು ಡಾಕ್ಟ್ರು ಮೈಗ್ರೇನ್ ಅಂತ ಒಂದು ವರ್ಷ ಮಾತ್ರೆ ಕೊಟ್ರು. 12 ವಾರ ದಾಟಿದ್ರೆ ಅದನ್ನ ಕ್ರಾನಿಕ್, ಅಂದ್ರೆ ಬೇರೂರಿದ ಕಾಯಿಲೆ, ಅಂತಾರೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ.

ಕೊನೆಗೆ ಸಿಕ್ಕಿದ ಇಎನ್‌ಟಿ ಡಾಕ್ಟ್ರು ಮೊದ್ಲು ಸ್ಟೀರಾಯ್ಡ್ ಸ್ಪ್ರೇ, ಉಪ್ಪುನೀರಲ್ಲಿ ಮೂಗು ತೊಳೆಯೋದು ಅಂತ ಮೂರು ತಿಂಗಳು ನೋಡಿದ್ರು, ಕಮ್ಮಿಯಾಗ್ಲಿಲ್ಲ, ಆಮೇಲೆ ಸಿಟಿ ಸ್ಕ್ಯಾನ್. ಗಾಳಿ ಇರೋ ಜಾಗ ಕಪ್ಪಗೆ ಕಾಣ್ಬೇಕು, ನಂದು ಕೆನ್ನೆ ಹಿಂದೆ ಎರಡೂ ಕಡೆ ಬೂದಿ ತುಂಬಿದಂಗಿತ್ತು.

ಮಾವನ ಕಥೆ ಹೇಳ್ದೆ. ಅದಕ್ಕೆ ಅವ್ರು ಕೊಟ್ಟ ಉತ್ತರದಿಂದ್ಲೇ ನಾನು ಒಪ್ಪಿದ್ದು. ಸೈನಸ್ ಒಳಗಿನ ಪದರದಲ್ಲಿ ಸಣ್ಣ ಸಣ್ಣ ರೋಮ ಇರುತ್ತಂತೆ, ಸಿಂಬಳನ ಅವು ತಳ್ಳೋದು ಹುಟ್ಟಿನಿಂದ ಇರೋ ಕಂಡಿ ಕಡೆಗೇ, ಕೆಳಗಡೆ ನಾವು ಎಷ್ಟು ದೊಡ್ಡ ತೂತು ಮಾಡಿದ್ರೂ ಸಿಂಬಳ ಆ ತೂತಿನ ಪಕ್ಕದಿಂದ ಸುತ್ಕೊಂಡು ಮೇಲಿರೋ ಹಳೇ ಕಂಡಿಗೇ ಹೋಗುತ್ತೆ. ಆಸ್ಟ್ರಿಯಾದ ಗ್ರಾಜ್ ಊರಿನ ಮೆಸ್ಸರ್‌ಕ್ಲಿಂಗರ್ ಅನ್ನೋ ಡಾಕ್ಟ್ರು ಎಂಡೋಸ್ಕೋಪಲ್ಲಿ, ಅಂದ್ರೆ ಮೂಗೊಳಗೆ ತೂರಿಸಿ ನೋಡೋ ಸಣ್ಣ ಕೊಳವೆಯಲ್ಲಿ, ನೋಡಿ ನೋಡಿ ಇದನ್ನ ತೋರಿಸ್ಕೊಟ್ರಂತೆ. 1985ರಲ್ಲಿ ಅಮೆರಿಕಾದ ಡೇವಿಡ್ ಕೆನಡಿ ಈ ಥರದ ಆಪರೇಷನ್ನಿಗೆ ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ ಅಂತ ಹೆಸರಿಟ್ರು, ನಾವೆಲ್ಲ ಫೆಸ್ ಅನ್ನೋದು ಅದನ್ನೇ. ಹೊಸ ತೂತು ಮಾಡಲ್ಲ, ಮುಚ್ಚಿರೋ ಹಳೇ ಕಂಡೀನೇ ಬಿಡಿಸ್ತಾರೆ. ಮಾವಂಗೆ ಯಾಕೆ ಮತ್ತೆ ಬಂತು ಅಂತ ನಂಗೆ ಅವತ್ತೇ ಅರ್ಥ ಆಗಿದ್ದು.

ಹೆದರಿಕೆ ಪೂರ್ತಿ ಹೋಗಿತ್ತು ಅಂತಲ್ಲ. ಕಣ್ಣಿಗೂ ಸೈನಸ್ಸಿಗೂ ಮಧ್ಯೆ ಇರೋ ಮೂಳೆ ಕಾಗದದಷ್ಟು ತೆಳು, ಮೇಲ್ಗಡೆ ಮಿದುಳು, ಅಪರೂಪಕ್ಕೆ ಅಲ್ಲಿ ಪೆಟ್ಟಾಗಬಹುದು ಅಂತ ಡಾಕ್ಟ್ರೇ ಮೊದ್ಲು ಹೇಳಿ ಸೈನ್ ಹಾಕಿಸ್ಕೊಂಡ್ರು, ಮುಚ್ಚಿಡದೆ ಹೇಳಿದ್ದು ನಂಗೆ ಧೈರ್ಯ ಕೊಡ್ತು.

ಆಪರೇಷನ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಪೂರ್ತಿ ಅನಸ್ತೇಷಿಯಾ, 4 ಮಿಲಿಮೀಟರ್ ದಪ್ಪದ ಸ್ಕೋಪು ಮೂಗಿನ ಹೊಳ್ಳೆ ಒಳಗಿಂದ್ಲೇ, ಮುಖದ ಮೇಲೆ ಒಂದು ಗೀರೂ ಇಲ್ಲ, ಮಾರನೇ ದಿನ ಮನೆ. ಕಷ್ಟ ಆಗಿದ್ದು ಆಮೇಲೆ. ಎರಡು ವಾರ ಮೂಗು ಸೀಟೋ ಹಾಗಿಲ್ಲ, ಸೀನು ಬಂದ್ರೆ ಬಾಯಿ ತೆಗೆದೇ ಸೀನ್ಬೇಕು, ಒಳಗೆ ಕಟ್ಟಿದ ಹಕ್ಕಳೆನ ಕ್ಲಿನಿಕ್ಕಲ್ಲಿ ತೆಗೀವಾಗ ಕಣ್ಣಲ್ಲಿ ನೀರು ಕಿತ್ಕೊಂಡು ಬಂತು. ಉಪ್ಪುನೀರಿನ ತೊಳೆತ ಇವತ್ತಿಗೂ ದಿನಾ ಎರಡು ಸಲ, ಸ್ಪ್ರೇನೂ ಇದೆ. ದಯವಿಟ್ಟು ನಲ್ಲಿ ನೀರು ಹಾಗೇ ಬಳಸ್ಬೇಡಿ, ಕುದಿಸಿ ಆರಿಸಿದ್ದೇ ಆಗ್ಬೇಕು, ಮೂಗಿಂದ ಮಿದುಳಿಗೆ ಹತ್ತೋ ಅಮೀಬಾ ನೀರಲ್ಲಿ ಇರಬಹುದು.

ತಲೆಭಾರ ಹೋಗಿದೆ. ವಾಸನೆ ಅರ್ಧ ಬಂದಿದೆ, ಇಂಗು ಗೊತ್ತಾಗುತ್ತೆ, ಮಲ್ಲಿಗೆ ಇನ್ನೂ ಇಲ್ಲ.

ಮಾವಂಗೆ ಈಗ 71. ಮೊನ್ನೆ ನನ್ನ ಮುಖ ತಿರುಗಿಸಿ ತಿರುಗಿಸಿ ನೋಡಿ "ತುಟಿ ಎತ್ತಲೇ ಇಲ್ವೇನೇ?" ಅಂದ್ರು. ಬರೋ ಬುಧವಾರ ಅವ್ರನ್ನೂ ಕರ್ಕೊಂಡು ಹೋಗ್ತಿದೀನಿ, ಹಳೇ ಎಕ್ಸ್‌ರೇ ಎಲ್ಲಿಟ್ಟಿದೀನೋ ಅಂತ ಟ್ರಂಕಲ್ಲಿ ಹುಡುಕ್ತಾ ಇದಾರೆ.