ಯಾವುದು ನಿಜವಾದ ಕ್ರಿಕೆಟ್? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ತುಮಕೂರಿನ ಸುತ್ತಮುತ್ತ ಟೆನಿಸ್ ಬಾಲ್ ಟೂರ್ನಮೆಂಟ್ ಎಲ್ಲೇ ನಡೆದರೂ ಸ್ಕೋರ್ ಬರೆಯೋಕೆ ನನ್ನನ್ನು ಕರೀತಾರೆ. ಗುಬ್ಬಿ, ಕುಣಿಗಲ್, ಶಿರಾ, ಎಲ್ಲಾ ಕಡೆ ಹೋಗ್ತೀನಿ. ಶಾಮಿಯಾನದಲ್ಲಿ ಪಕ್ಕ ಬಂದು ಕೂತ ಹುಡುಗರು, "ಅಣ್ಣಾ, ಟಿ20 ಇರುವಾಗ ಐದು ದಿನದ ಟೆಸ್ಟ್ ಯಾಕೆ ಬೇಕು?" ಅಂತ ಕೇಳ್ತಾರೆ. ಸ್ವಲ್ಪ ವಯಸ್ಸಾದವರು, "ಟಿ20 ಒಂದು ಕ್ರಿಕೆಟ್ಟೇನಪ್ಪಾ?" ಅಂತಾರೆ. ಐದು ದಿನದ ಟೆಸ್ಟ್, 50 ಓವರಿನ ಒನ್‌ಡೇ, 20 ಓವರಿನ ಟಿ20, ಈ ಮೂರರಲ್ಲಿ ನಿಜವಾದದ್ದು ಯಾವುದು ಅನ್ನೋದೇ ಇಬ್ಬರ ಪ್ರಶ್ನೆ.

ಮೂರೂ ನಿಜವೇ. ಆದರೆ ಒಂದು ವಿಕೆಟ್‌ನ ಬೆಲೆ ಮೂರರಲ್ಲೂ ಬೇರೆ. ಹಾಗಾಗಿ ಆಟವೂ ಬೇರೆ.

ಎರಡು ಇನಿಂಗ್ಸ್ ನೋಡಿ. 1975, ಗಂಡಸರ ಮೊದಲ ಒನ್‌ಡೇ ವಿಶ್ವಕಪ್, ಲಾರ್ಡ್ಸ್ ಮೈದಾನ. ಆಗ ಆ ಕಪ್ಪಿನ ಪಂದ್ಯ 60 ಓವರಿನದ್ದು. ಇಂಗ್ಲೆಂಡ್ 60 ಓವರಿಗೆ 334 ಹೊಡೆಯಿತು. ನಮ್ಮ ಸುನಿಲ್ ಗಾವಸ್ಕರ್ ಕೊನೇವರೆಗೂ ಔಟಾಗದೆ ನಿಂತು 174 ಬಾಲಿಗೆ 36 ರನ್ ಮಾಡಿದರು. ಭಾರತ ಬರೀ 132. ಅದನ್ನು ಜನ ಇವತ್ತಿಗೂ ಬೈತಾರೆ. ಇನ್ನೊಂದು 2021ರ ಜನವರಿ, ಸಿಡ್ನಿ ಟೆಸ್ಟಿನ ಕೊನೇ ದಿನ. ಸ್ನಾಯು ಸೆಳೆತದಿಂದ ಸರಿಯಾಗಿ ಓಡೋಕೂ ಆಗದ ಹನುಮ ವಿಹಾರಿ 161 ಬಾಲಿಗೆ 23 ರನ್, ಬೆನ್ನು ನೋವಿನಲ್ಲೇ ನಿಂತ ಅಶ್ವಿನ್ 128 ಬಾಲಿಗೆ 39 ರನ್, ಇಬ್ಬರೂ ಔಟಾಗಲಿಲ್ಲ, ಸೋಲುವಂತಿದ್ದ ಪಂದ್ಯ ಡ್ರಾ ಆಯ್ತು. ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ. ಲೆಕ್ಕ ಹಾಕಿದರೆ ವಿಹಾರಿ ಗಾವಸ್ಕರ್‌ಗಿಂತ ನಿಧಾನ! ಆದರೂ ಒಬ್ಬರಿಗೆ ಬೈಗುಳ, ಇನ್ನೊಬ್ಬರಿಗೆ ಚಪ್ಪಾಳೆ. ಎರಡೂ ಸರಿ ಅಂತಲೇ ನನ್ನ ಅಭಿಪ್ರಾಯ.

ಯಾಕಂದ್ರೆ ಎಲ್ಲಾ ಮಾದರಿಯಲ್ಲೂ ತಂಡಕ್ಕೆ ಇರೋದು ಹತ್ತೇ ವಿಕೆಟ್. ಅದೇ ಹತ್ತು ನೋಟಲ್ಲಿ ತಿಂಗಳು ಪೂರ್ತಿ ಮನೆ ನಡೆಸೋದು ಬೇರೆ, ಸಿದ್ಧಗಂಗೆ ಜಾತ್ರೆಯಲ್ಲಿ ಒಂದೇ ದಿನಕ್ಕೆ ಖರ್ಚು ಮಾಡೋದು ಬೇರೆ, ಅಲ್ವಾ? ಟಿ20ಯಲ್ಲಿ 120 ಬಾಲಿಗೆ ಹತ್ತು ವಿಕೆಟ್, ಅಂದ್ರೆ ಹನ್ನೆರಡು ಬಾಲಿಗೊಂದು ಕಳೆದುಕೊಂಡರೂ ನಡೆಯುತ್ತೆ. ಒನ್‌ಡೇಯಲ್ಲಿ ಮೂವತ್ತು ಬಾಲಿಗೊಂದು. ಟೆಸ್ಟ್‌ನಲ್ಲಿ ಇನಿಂಗ್ಸಿಗೆ ಇಷ್ಟೇ ಓವರ್ ಅನ್ನೋ ಮಿತಿಯೇ ಇಲ್ಲ.

ಒಂದು ಕಾಲಕ್ಕೆ ಕೆಲವು ಟೆಸ್ಟ್‌ಗಳಿಗೆ ದಿನದ ಮಿತಿಯೂ ಇರಲಿಲ್ಲ. 1939ರಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ, ಇಂಗ್ಲೆಂಡ್ ಪಂದ್ಯ ಮಾರ್ಚ್ 3ಕ್ಕೆ ಶುರುವಾಗಿ 14ರವರೆಗೂ ನಡೆಯಿತು. ಗೆಲ್ಲೋಕೆ 696 ಬೇಕಿತ್ತು. ಇಂಗ್ಲೆಂಡ್ 5 ವಿಕೆಟಿಗೆ 654 ಮಾಡಿತ್ತು. ಅಷ್ಟರಲ್ಲಿ ಮಳೆ. ಊರಿಗೆ ಹೋಗುವ ಹಡಗು ತಪ್ಪಿಹೋಗುತ್ತೆ ಅಂತ ಆಟ ಅಲ್ಲಿಗೇ ನಿಲ್ಲಿಸಿ ಡ್ರಾ ಮಾಡಿದರು.

ಆಮೇಲೆ ಮೈದಾನಕ್ಕೆ ಆಟ ನೋಡೋಕೆ ಬರುವ ಜನ ಕಡಿಮೆಯಾದರು. ಅದಕ್ಕೇ 1963ರಲ್ಲಿ ಇಂಗ್ಲೆಂಡಿನ ಕೌಂಟಿಗಳು, ಅಂದ್ರೆ ಅಲ್ಲಿನ ಜಿಲ್ಲಾ ತಂಡಗಳು, ಒಂದೇ ದಿನದ ಪಂದ್ಯಾವಳಿ ಶುರು ಮಾಡಿದವು. ಮೊದಲ ಅಂತಾರಾಷ್ಟ್ರೀಯ ಒನ್‌ಡೇ ಮಾತ್ರ ಮಳೆಯ ಕೊಡುಗೆ. ಮೆಲ್ಬರ್ನ್ ಟೆಸ್ಟ್ ಮಳೆಗೆ ಕೊಚ್ಚಿಹೋಗಿ, ಟಿಕೆಟ್ ದುಡ್ಡು ಸ್ವಲ್ಪವಾದರೂ ಬರಲಿ ಅಂತ 1971ರ ಜನವರಿ 5ರಂದು ಆಡಿಸಿದರು. 40 ಓವರ್, ಆದರೆ ಓವರಿಗೆ 8 ಬಾಲ್. ಅಂದ್ರೆ 320 ಬಾಲ್, ಇವತ್ತಿನ ಒನ್‌ಡೇಗಿಂತ ಜಾಸ್ತಿ! ಹೆಂಗಸರ ವಿಶ್ವಕಪ್ 1973ರಲ್ಲೇ ನಡೆಯಿತು, ಗಂಡಸರದ್ದು ಎರಡು ವರ್ಷ ತಡ. ಇದನ್ನು ಹೇಳಿದರೆ ಎಷ್ಟೋ ಜನ ನಂಬೋದಿಲ್ಲ. ಮೊದಲ ಅಂತಾರಾಷ್ಟ್ರೀಯ ಟಿ20 ಆಡಿದವರೂ ಹೆಂಗಸರೇ, 2004ರಲ್ಲಿ. ಗಂಡಸರು ಆಡಿದ್ದು 2005ಕ್ಕೆ.

ಟಿವಿಯವರು ಬಂದ ಮೇಲೆ ಆಟದ ಬಣ್ಣವೇ ಬದಲಾಯಿತು. ಪ್ರಸಾರದ ಹಕ್ಕು ಸಿಗದ ಆಸ್ಟ್ರೇಲಿಯಾದ ಕೆರ್ರಿ ಪ್ಯಾಕರ್ 1977ರಲ್ಲಿ ಆಟಗಾರರನ್ನೇ ಕರೆದುಕೊಂಡು ಬೇರೆ ಸರಣಿ ನಡೆಸಿದರು. ಫ್ಲಡ್‌ಲೈಟ್, ಬಿಳಿ ಬಾಲ್, ಬಣ್ಣದ ಬಟ್ಟೆ ಎಲ್ಲಾ ಅಲ್ಲಿಂದಲೇ ಜನಪ್ರಿಯವಾಗಿದ್ದು. ನಾವು 1983ರಲ್ಲಿ ಗೆದ್ದದ್ದು 60 ಓವರಿನ ಕಪ್. 1987ರಲ್ಲಿ ವಿಶ್ವಕಪ್ ನಮ್ಮ ಕಡೆ ಬಂತು, ಇಲ್ಲಿ ಬೇಗ ಕತ್ತಲಾಗುತ್ತೆ, ಓವರ್ 50ಕ್ಕೆ ಇಳಿಯಿತು.

ಟಿ20 ಹುಟ್ಟಿದ್ದು 2003ರಲ್ಲಿ, ಇಂಗ್ಲೆಂಡಿನಲ್ಲಿ, ಕೆಲಸ ಮುಗಿಸಿ ಬರುವವರಿಗೆ ಸಂಜೆ ನೋಡೋಕೆ ಅಂತ. ನಮ್ಮೂರ ಹುಡುಗರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಆರು ಓವರ್, ಎಂಟು ಓವರಿನ ಮ್ಯಾಚ್ ನಾವು ಮೊದಲಿಂದಲೂ ಆಡ್ತಿದ್ದೆವು. 2007ರಲ್ಲಿ ಧೋನಿ ತಂಡ ಪಾಕಿಸ್ತಾನವನ್ನು 5 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ತಂದಿತು. ಮುಂದಿನ ವರ್ಷ ಏಪ್ರಿಲ್ 18ಕ್ಕೆ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಮೊದಲ ಐಪಿಎಲ್ ಪಂದ್ಯ, ಬ್ರೆಂಡನ್ ಮೆಕಲಮ್ 73 ಬಾಲಿಗೆ 158. ವಿಕೆಟ್‌ನ ಬೆಲೆ ಎಷ್ಟು ಇಳಿದಿದೆ ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು.

ಬೆಲೆ ಇಳಿದದ್ದು ತಪ್ಪಲ್ಲ. ಆದರೆ ಟಿ20ಯಲ್ಲಿ ಒಬ್ಬ ಬೌಲರ್ ಕೈಗೆ ಸಿಗೋದು ಬರೀ 24 ಬಾಲ್. 1999ರಲ್ಲಿ ದೆಹಲಿಯಲ್ಲಿ ನಮ್ಮ ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ತೆಗೆದಾಗ 26.3 ಓವರ್ ಹಾಕಿದ್ದರು, 159 ಬಾಲ್. ಒಂದು ಟಿ20 ಇನಿಂಗ್ಸ್ ಪೂರ್ತಿ ಸೇರಿಸಿದರೂ ಅಷ್ಟು ಬಾಲ್ ಇರೋದಿಲ್ಲ. 2001ರಲ್ಲಿ ಕೋಲ್ಕತ್ತಾದಲ್ಲಿ ಫಾಲೋ ಆನ್ ಆಗಿ, ಅಂದ್ರೆ ತುಂಬಾ ಹಿಂದೆ ಬಿದ್ದು ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾಗಿ ಬಂದ ಮೇಲೆ ದ್ರಾವಿಡ್, ಲಕ್ಷ್ಮಣ್ ನಾಲ್ಕನೇ ದಿನ ಪೂರ್ತಿ ಔಟಾಗದೆ ಆಡಿ ಪಂದ್ಯವನ್ನೇ ತಿರುಗಿಸಿದರು. ಅಂಥದ್ದಕ್ಕೆ ಟೈಮ್ ಬೇಕು, ಅದಕ್ಕೇ ಟೆಸ್ಟ್ ಬೇಕು.

ನನಗೆ ಚಿಂತೆ ಇರೋದು ಒನ್‌ಡೇ ಬಗ್ಗೆ. 2011ರಿಂದ ಪಿಚ್‌ನ ಎರಡು ತುದಿಗೂ ಒಂದೊಂದು ಹೊಸ ಬಾಲ್ ಕೊಟ್ಟು ಬಾಲ್ ಹಳೆಯದಾಗೋದನ್ನೇ ತಡೆದುಬಿಟ್ಟಿದ್ದರು, ಹಳೇ ಬಾಲ್ ಗಾಳಿಯಲ್ಲಿ ಉಲ್ಟಾ ದಿಕ್ಕಿಗೆ ತಿರುಗುವ ರಿವರ್ಸ್ ಸ್ವಿಂಗ್ ಅಪರೂಪವಾಯಿತು. 2025ರಲ್ಲಿ 34 ಓವರ್ ಆದ ಮೇಲೆ ಒಂದೇ ಬಾಲ್ ಅಂತ ಬದಲಿಸಿದ್ದಾರೆ. ಒಳ್ಳೆಯದಾಯಿತು.

ಟೆಸ್ಟ್ ಯಾಕೆ ಅಂತ ಕೇಳುವ ಹುಡುಗರಿಗೆ ನಾನು ಹೇಳೋದು ಇಷ್ಟೇ: ಬೆಂಗಳೂರಲ್ಲಿ ಟೆಸ್ಟ್ ಥರವೇ ಹಲವು ದಿನ ನಡೆಯುವ ರಣಜಿ ಪಂದ್ಯ ಇದ್ದಾಗ ಬೆಳಗಿನ ರೈಲಿಗೆ ಹೋಗಿ. ಮೊದಲ ದಿನ ಬೇಡ, ನಾಲ್ಕನೇ ದಿನ ಹೋಗಿ. ಪಿಚ್ ಬಿರುಕು ಬಿಟ್ಟಿರುತ್ತೆ, ಸ್ಪಿನ್ನರ್ ಕೈಯಲ್ಲಿ ಬಾಲ್ ಇರುತ್ತೆ, ಸುತ್ತ ನಾಲ್ಕು ಫೀಲ್ಡರ್ ಬಗ್ಗಿ ನಿಂತಿರುತ್ತಾರೆ. ಬ್ಯಾಟ್ಸ್‌ಮನ್ ಕಾಲು ಹೇಗೆ ಆಡಿಸ್ತಾನೆ ಅಂತ ಅದನ್ನೊಂದೇ ನೋಡ್ತಾ ಕೂತ್ಕೊಳ್ಳಿ.