ಐರ್ಲೆಂಡಿನ ದೇವತೆಗಳ ದಿಬ್ಬಗಳಿಗೆ ಹೊರಡುವವರಿಗೆ

ಐರಿಷ್ ಪುರಾಣದ ಸ್ಥಳಗಳನ್ನು ನೋಡಬೇಕೆಂದೇ ಕಳೆದ ಅಕ್ಟೋಬರಿನಲ್ಲಿ ಆರು ದಿನ ಐರ್ಲೆಂಡಿನಲ್ಲಿದ್ದೆ. ಅದೇ ಉದ್ದೇಶದಿಂದ ಹೊರಡುವವರಿಗೆ ಮೊದಲು ಹೇಳಬೇಕಾದದ್ದು ಇಷ್ಟು: ಡಬ್ಲಿನ್‌ನಿಂದ ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸುತ್ತೇವೆ ಎನ್ನುವ ಬಸ್ ಪ್ರವಾಸಕ್ಕೆ ಹಣ ಕೊಡಬೇಡಿ. ನಾನು 65 ಯೂರೊ ಕೊಟ್ಟು ಹೋದೆ. ಜಾಹೀರಾತಿನಲ್ಲಿ ನ್ಯೂಗ್ರೇಂಜ್ ಎಂಬ ಪುರಾತನ ಸಮಾಧಿ ದಿಬ್ಬದ ಹೆಸರು ದೊಡ್ಡದಾಗಿತ್ತು. ಅಲ್ಲಿಗೆ ತಲುಪಿದ ಮೇಲೆ ನಮಗೆ ತೆಗೆಸಿದ್ದ ಟಿಕೆಟ್ಟಿನಲ್ಲಿ ದಿಬ್ಬದ ಒಳಕೋಣೆಗೆ ಪ್ರವೇಶವೇ ಇಲ್ಲವೆಂದು ತಿಳಿಯಿತು. ಪುರಾತನ ಅರಸರ ಪೀಠವಾಗಿದ್ದ ತಾರಾ ಬೆಟ್ಟಕ್ಕೆ 25 ನಿಮಿಷ ಕೊಟ್ಟರು, ದಾರಿಯಲ್ಲಿನ ಉಣ್ಣೆ ಬಟ್ಟೆಯ ಅಂಗಡಿಗೆ ಒಂದು ಗಂಟೆಗಿಂತ ಹೆಚ್ಚು.

ಅವಸರದಲ್ಲಿ ನೋಡಿದವರಿಗೆ ಈ ಸ್ಥಳಗಳು ಏನನ್ನೂ ಹೇಳುವುದಿಲ್ಲ. ತುವಾಹ ಡೇ ಡನನ್ ಎಂಬ ದೇವಕುಲಕ್ಕೆ ಇಲ್ಲಿ ಗುಡಿಗೋಪುರಗಳಿಲ್ಲ. ಮನುಷ್ಯರಿಗೆ ಸೋತು ನೆಲದ ಒಡೆತನವನ್ನು ಬಿಟ್ಟುಕೊಟ್ಟ ಮೇಲೆ ಅವರು ಹಸಿರು ದಿಬ್ಬಗಳ ಒಳಗೆ ಹೋಗಿ ನೆಲೆಸಿದರೆಂಬುದು ಕಥೆ. ಆದ್ದರಿಂದ ಕಣ್ಣಿಗೆ ಬೀಳುವುದು ಹುಲ್ಲು, ಕುರಿ, ಒಂದೆರಡು ಕಲ್ಲು. ತಾರಾದ ಲಿಯಾ ಫಾಲ್ ಕಲ್ಲು ಆಳೆತ್ತರವೂ ಇಲ್ಲ. ಆದರೆ ಹಕ್ಕುಳ್ಳ ಅರಸನು ಅದರ ಮೇಲೆ ಕಾಲಿಟ್ಟರೆ ಅದು ಕೂಗುತ್ತಿತ್ತೆಂದೂ, ತನ್ನ ಸಾಕುಮಗನು ನಿಂತಾಗ ಕೂಗದ ಕಾರಣ ವೀರ ಕೂಹುಲಿನ್ ಸಿಟ್ಟಿನಿಂದ ಅದಕ್ಕೆ ಕತ್ತಿ ಬೀಸಿದನೆಂದೂ ಓದಿಕೊಂಡು ಹೋದವನು ಅದರ ಮುಂದೆ ಅರ್ಧ ಗಂಟೆ ನಿಲ್ಲಬಲ್ಲ. ಬೆಟ್ಟಕ್ಕೆ ಪ್ರವೇಶ ಶುಲ್ಕವಿಲ್ಲ. ನೀವೇ ಹೋಗಿ, ಬೆಳಿಗ್ಗೆ ಬೇಗ ಹೋಗಿ.

ನ್ಯೂಗ್ರೇಂಜ್‌ಗೆ ನಾನು ಮತ್ತೊಮ್ಮೆ ಹೋದೆ, ಈ ಸಲ ಒಳಕೋಣೆಯ ಪ್ರವೇಶವೂ ಸೇರಿದ ಟಿಕೆಟನ್ನು ಸ್ವತಃ ಕಾಯ್ದಿರಿಸಿಕೊಂಡು. ಟಿಕೆಟ್ ಕೊಳ್ಳುವಾಗ ಆ ಒಂದು ಸಾಲನ್ನು ತಪ್ಪದೆ ನೋಡಿ. ಕ್ರಿ.ಪೂ. 3200ರ ಸುಮಾರಿನ ಈ ಸಮಾಧಿಯೇ ಪುರಾಣದಲ್ಲಿ ದಗ್ದಾ ದೇವನ ಮನೆ. ಅವನ ಮಗ ಏಂಗಸ್ ‘ಹಗಲು ಮತ್ತು ರಾತ್ರಿ’ ಇಲ್ಲಿರಲು ಕೇಳಿಕೊಂಡು, ಕಾಲವೆಲ್ಲವೂ ಹಗಲು ಮತ್ತು ರಾತ್ರಿಯೇ ತಾನೆ ಎಂದು ವಾದಿಸಿ ಮನೆಯನ್ನೇ ತನ್ನದಾಗಿಸಿಕೊಂಡನಂತೆ. ಒಳಗೆ ದೀಪ ಆರಿಸಿ, ಡಿಸೆಂಬರಿನಲ್ಲಿ ಹಗಲು ಅತಿ ಚಿಕ್ಕದಾಗುವ ಸಂಕ್ರಮಣದ ಮುಂಜಾನೆ ನುಗ್ಗಿಬರುವ ಬಿಸಿಲಿನಂತೆ ಒಂದು ಬೆಳಕಿನ ಗೆರೆಯನ್ನು ಹಾಯಿಸಿ ತೋರಿಸುತ್ತಾರೆ. ಕತ್ತಲಲ್ಲಿ ಆ ಗೆರೆ ನೆಲದ ಮೇಲೆ ಹರಿದು ಬಂದಾಗ ಏಂಗಸನ ವಾದ ನೆನಪಾಗಿ ಮೈ ಜುಮ್ಮೆಂದಿತು.

ಆದರೂ ನಿಮಗೆ ಎರಡೇ ದಿನ ಇದ್ದರೆ ಇವೆರಡನ್ನೂ ಬಿಟ್ಟು ರಾಸ್‌ಕಾಮನ್ ಜಿಲ್ಲೆಯ ಟಲ್ಸ್ಕ್ ಎಂಬ ಹಳ್ಳಿಗೆ ಹೋಗಿ ಎಂದೇ ನಾನು ಹೇಳುತ್ತೇನೆ. ನನಗೆ ಜನಜಂಗುಳಿ ಸೇರುವುದಿಲ್ಲ. ಅಲ್ಲಿ ಅಂದು ನಾವು ಐದೇ ಜನ ಇದ್ದೆವು. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ರಾಸ್‌ಕಾಮನ್ ಪಟ್ಟಣಕ್ಕೆ ರೈಲಿದೆ, ಅಲ್ಲಿಂದ ಮುಂದೆ ಸುಮಾರು 20 ಕಿ.ಮೀ. ಟ್ಯಾಕ್ಸಿಯನ್ನು ಹಿಂದಿನ ದಿನವೇ ಹೇಳಿಟ್ಟುಕೊಳ್ಳಬೇಕು. ಹಳ್ಳಿಯ ಪಕ್ಕದ ರಾತ್‌ಕ್ರೋಹನ್ ಪುರಾಣದ ರಾಣಿ ಮೇವ್‌ಳ ರಾಜಧಾನಿ. ತಾನೂ ಗಂಡ ಅಲಿಲನೂ ಹಾಸಿಗೆಯಲ್ಲಿ ಮಲಗಿಕೊಂಡೇ ಯಾರ ಆಸ್ತಿ ಹೆಚ್ಚೆಂದು ಲೆಕ್ಕಹಾಕಿ, ಒಂದು ಬಿಳಿಗೊಂಬಿನ ಹೋರಿಯ ಮಟ್ಟಿಗೆ ತಾನು ಹಿಂದೆ ಬಿದ್ದೆನೆಂದು ತಿಳಿದು, ಅದಕ್ಕೆ ಸಮನಾದ ಕೂಲಿ ಎಂಬ ಊರಕಡೆಯ ಕಂದು ಹೋರಿಗಾಗಿ ಉತ್ತರದ ಅಲ್‌ಸ್ಟರ್ ಪ್ರಾಂತ್ಯದ ಮೇಲೆ ದಂಡೆತ್ತಿ ಹೋದವಳು ಅವಳು. ಐರಿಷ್ ವೀರಗಾಥೆಗಳಲ್ಲಿ ಅತಿ ದೊಡ್ಡದು ಈ ತುರುಗೋಳಿನ ಕಥೆಯೇ.

ಅಲ್ಲಿನ ಮಾರ್ಗದರ್ಶಕರೊಂದಿಗೆ ಮಾತ್ರ ಹೋಗಿ, ಏಕೆಂದರೆ ಬೆಕ್ಕುಗಳ ಗವಿ ಎಂದು ಹೆಸರಾದ ಊನಗಾಟ್‌ನ ಬಾಯಿ ಹೊಲದ ಅಂಚಿನಲ್ಲಿ ಮುಳ್ಳುಗಿಡದ ಕೆಳಗೆ ಒಂದು ಬಿಲದಷ್ಟೇ ಇದೆ. ಮಂಡಿಯೂರಿ ಒಳಗೆ ತೂರಬೇಕು. ತಲೆಯ ಮೇಲಿನ ತೊಲೆಗಲ್ಲಿಗೆ ಟಾರ್ಚ್ ಓರೆಯಾಗಿ ಹಿಡಿದಾಗ ಅದರ ಅಂಚಿನಲ್ಲಿ ಓಗಮ್ ಎಂಬ ಹಳೆಯ ಐರಿಷ್ ಲಿಪಿಯ ಗೀರುಗಳು ಒಂದೊಂದಾಗಿ ಎದ್ದವು: ‘ಮೇವ್‌ಳ ಮಗ ಫ್ರೀಖ್‌ನದು’. ಅಲ್ಲಿಂದ ಮುಂದೆ ಜೇಡಿಮಣ್ಣಿನ ಮೇಲೆ ಕುಳಿತು ಜಾರಿದರೆ ಎದ್ದು ನಿಲ್ಲುವಷ್ಟು ಎತ್ತರದ ಸುಣ್ಣಕಲ್ಲಿನ ಸಂದು ಸಿಗುತ್ತದೆ. ಯುದ್ಧದೇವತೆ ಮೊರಿಗನ್ ಇರುವುದು ಇಲ್ಲಿ. ಚಳಿಗಾಲದ ಆರಂಭದ ಸಾವನ್ ಹಬ್ಬದ ಕಾಲಕ್ಕೆ ಮೂರು ತಲೆಯ ಪ್ರಾಣಿಯೂ, ಉಸಿರು ತಾಗಿದ್ದನ್ನೆಲ್ಲ ಬಾಡಿಸುವ ಹಕ್ಕಿಗಳೂ ಹೊರಬಿದ್ದದ್ದು ಇಲ್ಲಿಂದಲೇ. ಹಳೆಯ ಪ್ಯಾಂಟು, ಹಿಡಿತವಿರುವ ಬೂಟು, ಬದಲಿಗೆ ಇನ್ನೊಂದು ಜೊತೆ ಕಾಲುಚೀಲ ಬೇಕೇ ಬೇಕು. ಮಂಡಿನೋವು ಇರುವವರು ಇಳಿಯಬಾರದು.

ಹೊರಬಂದು ನಡುಗುತ್ತಿದ್ದವನಿಗೆ ಹಳ್ಳಿಯ ಪುಟ್ಟ ಕೆಫೆಯಲ್ಲಿ ಸಿಕ್ಕ ಊಟವನ್ನು ನಾನು ಮರೆಯಲಾರೆ. ಆಲೂಗಡ್ಡೆ, ಲೀಕ್ ಸೊಪ್ಪು ಹಾಕಿದ ಗಟ್ಟಿ ಸೂಪು, ಜೊತೆಗೆ ಮಜ್ಜಿಗೆ ಮತ್ತು ಸೋಡಾ ಹಾಕಿ ಮನೆಯಲ್ಲೇ ಸುಟ್ಟ ಕಂದು ಬ್ರೆಡ್ಡು. ಹೊರಗೆ ಗರಿಗರಿ, ಒಳಗೆ ಇನ್ನೂ ಹಬೆ. ಮೇಲೆ ಬೆರಳು ದಪ್ಪದ ಬೆಣ್ಣೆ. ಸಸ್ಯಾಹಾರಿ ಎಂದಾಗ ಆ ಅಮ್ಮ ಒಳಗೆ ಹೋಗಿ ಸೂಪಿಗೆ ಮಾಂಸದ ರಸ ಹಾಕಿಲ್ಲವೆಂದು ಖಚಿತಪಡಿಸಿಕೊಂಡು ಬಂದು, ಕೇಳದೆಯೇ ಎರಡನೆಯ ಬಟ್ಟಲು ತಂದಿಟ್ಟರು. ಎಲ್ಲ ಸೇರಿ 7 ಯೂರೊ.

ಅದೇ ರಾತ್ರಿ ಸ್ಲೈಗೋ ಪಟ್ಟಣದಲ್ಲಿ 140 ಯೂರೊ ತೆತ್ತ ಕೋಣೆಯಲ್ಲಿ ಒಂಬತ್ತಕ್ಕೇ ಹೀಟರ್ ಆರಿಸಿದರು, ಕೇಳಿದರೆ ನಿಯಮವೆಂದರು. ಕೋಣೆ ಹಿಡಿಯುವಾಗ ರಾತ್ರಿಯಿಡೀ ಹೀಟರ್ ಇರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಮರುದಿನ ಅಲ್ಲೇ ಹತ್ತಿರ ಹತ್ತಿದ ನಾಕ್‌ನರೇ ಬೆಟ್ಟ 327 ಮೀಟರ್. ತುದಿಯ ಭಾರಿ ಕಲ್ಲುಗುಡ್ಡೆಯೊಳಗೆ ಮೇವ್‌ಳನ್ನು ಅಲ್‌ಸ್ಟರಿನ ಶತ್ರುಗಳಿಗೆ ಎದುರಾಗಿ, ನಿಂತ ಭಂಗಿಯಲ್ಲೇ ಹೂಳಿದ್ದಾರೆಂದು ಜನ ನಂಬುತ್ತಾರೆ. ಆ ಗುಡ್ಡೆಯನ್ನು ಇದುವರೆಗೆ ಯಾರೂ ಅಗೆದು ನೋಡಿಲ್ಲ. ಅದರ ಮೇಲೆ ಹತ್ತಬೇಡಿ, ಕಲ್ಲು ಎತ್ತಿಕೊಳ್ಳಬೇಡಿ. ಅಡಿಯಲ್ಲಿ ಪೂರ್ವದ ಕಡೆ ಕುಳಿತರೆ ಸಮುದ್ರದ ಗಾಳಿ ತಾಗುವುದಿಲ್ಲ, ಫ್ಲಾಸ್ಕಿನ ಚಹಾವನ್ನು ನೆಮ್ಮದಿಯಾಗಿ ಕುಡಿಯಬಹುದು.