ಅಘನಾಶಿನಿ ದಡದ ಹಾಯಿದೋಣಿ

ಮೇ ತಿಂಗಳ ಒಂದು ಶನಿವಾರ. ಶಿರಸಿಯಿಂದ ಬೆಳಗಿನ ಬಸ್ಸು ಹಿಡಿದು ದೇವಿಮನೆ ಘಟ್ಟ ಇಳಿದೆವು. ಕುಮಟಾ ಸೇರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿಂದ ಅಘನಾಶಿನಿ ಊರು. ನದಿ ಸಮುದ್ರ ಸೇರುವ ಜಾಗ. ಆಚೆ ದಡದಲ್ಲಿ ತದಡಿ ಬಂದರು.

ನಾವು ಹೋಗಿದ್ದು ಒಂದು ಹಳೆ ಹಾಯಿದೋಣಿಗಾಗಿ. ಮಡಲಿನ ಚಪ್ಪರದ ಕೆಳಗೆ ಮಲಗಿತ್ತು. ಆ ನೆರಳು ನಮಗಲ್ಲ, ದೋಣಿಗೆ. ಬಿಸಿಲು ನೇರ ಬಿದ್ದರೆ ಹಲಗೆ ಸೀಳುತ್ತದೆ. ಇದರಲ್ಲಿ ಈಗ ಯಾರೂ ಮೀನಿಗೆ ಹೋಗುವುದಿಲ್ಲ. ಆದರೂ ಊರ ಹುಡುಗರು, ಕಾಲೇಜು ಮಕ್ಕಳು, ಘಟ್ಟದ ಮೇಲಿನ ನಮ್ಮಂಥ ನಾಲ್ಕು ಜನ ಸೇರಿ ಪ್ರತಿ ಬೇಸಿಗೆ ಇದರ ಮರಗೆಲಸ ಮಾಡುತ್ತೇವೆ. ಸಂಬಳವಿಲ್ಲ. ಮಧ್ಯಾಹ್ನ ಗಂಜಿ, ಮಿಡಿ ಉಪ್ಪಿನಕಾಯಿ ಉಂಟು.

ಕೆಲಸ ಹೇಳಿಕೊಡುವವರು ಎಪ್ಪತ್ತು ದಾಟಿದ ಆಚಾರಿ. ಮೊದಲು ದೋಣಿಯ ತಳಕ್ಕೆ ಅಂಟಿದ ಚಿಪ್ಪು ಕೆರೆಯಬೇಕು. ಆಮೇಲೆ ಸುತ್ತಿಗೆಯಿಂದ ಹಲಗೆ ಹಲಗೆಯನ್ನೂ ಬಡಿದು ಕೇಳಬೇಕು. ಗಟ್ಟಿ ಹೆಬ್ಬಲಸು ಠಣ್ ಅನ್ನುತ್ತದೆ. ನನ್ನ ಪಾಲಿನ ಒಂದು ಹಲಗೆ ಮಾತ್ರ ಟೊಳ್ಳು ಸದ್ದು ಮಾಡಿತು.

"ಉಳಿ ಹಾಕು ತಮಾ, ಹೆದರಬೇಡ," ಅಂದರು ಆಚಾರಿ.

ಹೊರಗೆ ಸೂಜಿ ಚುಚ್ಚಿದಷ್ಟೇ ತೂತು. ಒಳಗೆ ಬೆರಳಗಲದ ಸುರಂಗ, ಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ. ಹಡಗುಹುಳುವಿನ ಕೆಲಸ ಅದು. ಹೆಸರು ಹುಳು, ಆದರೆ ಜಾತಿಯಲ್ಲಿ ಇದೇ ನದಿಯ ಬಳಚು ಎಂಬ ಚಿಪ್ಪುಜೀವಿಯ ನೆಂಟ. ಉಪ್ಪುನೀರು ಬಿಟ್ಟರೆ ಬದುಕುವುದಿಲ್ಲ. ಅದಕ್ಕೇ ಹಿಂದಿನವರು ದೋಣಿಯನ್ನು ಆಗಾಗ ಸಿಹಿನೀರಿಗೆ ಒಯ್ದು ನಿಲ್ಲಿಸುತ್ತಿದ್ದರು. ಎಷ್ಟು ಸುಲಭದ ಮದ್ದು ಅಲ್ವಾ?

ಊಟಕ್ಕೆ ಕೂತಾಗ ಕೌಂಡಿನ್ಯದ ಮಾತು ಬಂತು. ಮೊಳೆ ಹೊಡೆಯದೆ, ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ಹಾಯಿಹಡಗು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಆ ಹೊಲಿಗೆಯ ಬಗ್ಗೆ ಆಚಾರಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರು.

ಸಂಜೆ ಹಲಗೆಗಳ ಸಂದಿಗೆ ಹತ್ತಿ ತುರುಕಿದೆವು. ಇಲ್ಲಿ ಜಾಸ್ತಿ ಬಲ ಹಾಕಬಾರದು. ನೀರಿಗಿಳಿದ ಮೇಲೆ ಮರ ಉಬ್ಬುತ್ತದೆ, ಅದಕ್ಕೆ ಜಾಗ ಬೇಕು. ಕೊನೆಗೆ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಕೈಗವಸು ಇದ್ದರೂ ನನ್ನ ಮಣಿಕಟ್ಟು ಸುಟ್ಟಿತು. ಆ ಕಲೆಯ ಮೇಲೆ ನನಗೆ ಪ್ರೀತಿಯೇ ಇದೆ.

ಎರಡು ವಾರ ಬಿಟ್ಟು ಮತ್ತೆ ಹೋದೆ. ಭರತದ, ಅಂದರೆ ಉಬ್ಬರದ, ನೀರಿಗೆ ದೋಣಿ ಇಳಿಸಿದೆವು. ಸಂದಿ ಸಂದಿಯಿಂದಲೂ ನೀರು! ನನ್ನ ಎದೆ ಧಸಕ್ಕೆಂದಿತು.

"ಮರ ಬಾಯಾರಿದೆ, ಕುಡೀಲಿ," ಅಂದರು ಆಚಾರಿ.

ರಾತ್ರಿಯಿಡೀ ಸರದಿಯಲ್ಲಿ ನೀರು ಎತ್ತಿ ಚೆಲ್ಲಿದೆವು. ಬೆಳಗಿನ ಜಾವ ಬಗ್ಗಿ ನೋಡಿದರೆ ತಳದಲ್ಲಿ ಅಂಗೈಯಷ್ಟು ತೇವ, ಅಷ್ಟೇ. ಹುಡುಗರು ಹಾಯಿ ಬಿಚ್ಚಿದರು.